ಅಜ್ಜಿ ಕಾದ ಹಳ್ಳ

ಮರುಭೂಮಿಯಲ್ಲಿ ನಡೆಯಲು ಒಳ್ಳೆಯ ದಾರಿ ಯಾವುದು ಎಂದು ಫೀನಿಕ್ಸ್‌ಗೆ ಹೊಸದಾಗಿ ಬಂದ ಕನ್ನಡದವರು ಕೇಳುತ್ತಿರುತ್ತಾರೆ. ನಿಮ್ಮ ಮನೆಗೆ ಯಾವುದು ಹತ್ತಿರವೋ ಅದು ಎನ್ನುತ್ತೇನೆ. ಕೇಳಿದವರ ಮುಖ ಸಪ್ಪಗಾಗುತ್ತದೆ. ಅವರ ಮನಸ್ಸಿನಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಇರುತ್ತದೆ, ಸೆಡೋನಾದ ಕೆಂಪು ಬಂಡೆಗಳಿರುತ್ತವೆ. ಅವನ್ನೂ ನೋಡಿ ಬನ್ನಿ, ಬೇಡವೆನ್ನುವುದಿಲ್ಲ. ಆದರೆ ಮರುಭೂಮಿಯ ರುಚಿ ಹತ್ತುವುದು ಒಂದೇ ದಾರಿಯನ್ನು ಐವತ್ತು ಸಲ ತುಳಿದ ಮೇಲೆ. ಹೀಗೆ ಹೇಳುವ ಧೈರ್ಯ ನನಗೆ ಬಂದದ್ದು 2020ರಲ್ಲಿ, ಚಳ್ಳಕೆರೆಯಿಂದ ಬಂದು ಇಲ್ಲೇ ಸಿಕ್ಕಿಹಾಕಿಕೊಂಡ ನಮ್ಮವ್ವನ ಹಿಂದೆ ನಡೆದು.

ಅವ್ವ ಬಂದದ್ದು ಡಿಸೆಂಬರಿನಲ್ಲಿ, ನಾಲ್ಕು ತಿಂಗಳಿಗೆಂದು. ಏಪ್ರಿಲಿನಲ್ಲಿ ವಾಪಸು ಟಿಕೆಟ್ ಇತ್ತು. ಮಾರ್ಚ್ ಕೊನೆಯ ಹೊತ್ತಿಗೆ ಕೊರೊನಾದಿಂದಾಗಿ ಭಾರತಕ್ಕೆ ವಿಮಾನಗಳು ನಿಂತವು. ಮಾರ್ಚ್ 31ರಿಂದ ಮೇ 15ರವರೆಗೆ ಅರಿಜೋನಾದಲ್ಲೂ ಮನೆಯಲ್ಲೇ ಇರಿ ಎಂಬ ಆದೇಶ ಬಂತು. ಚಾಂಡ್ಲರಿನ ನಮ್ಮ ಮನೆಯಲ್ಲಿ ಊಟದ ಮೇಜು ನಮ್ಮ ಯಜಮಾನರ ಆಫೀಸಾಯಿತು, ಮಲಗುವ ಕೋಣೆಗಳು ಮಕ್ಕಳ ಶಾಲೆಯಾದವು. ಅವ್ವ ಕಿಟಕಿಯ ಬಳಿ ಕೂತು ಊರಿನ ಸುದ್ದಿಗೆ ಕಾಯುತ್ತಿದ್ದಳು. ನಡೆಯುವುದಕ್ಕೆ ಆದೇಶದಲ್ಲಿ ಅಡ್ಡಿ ಇರಲಿಲ್ಲ. ಮನೆಯಿಂದ ಕಾಲು ಗಂಟೆ ದೂರದಲ್ಲಿ ಸೌತ್ ಮೌಂಟನ್ ಇತ್ತು. ಹತ್ತು ವರ್ಷದಲ್ಲಿ ನಾವು ಅಲ್ಲಿಗೆ ಹೋಗಿದ್ದು ಎರಡೇ ಸಲ, ಎರಡು ಸಲವೂ ನೆಂಟರಿಗೆ ತೋರಿಸುವುದಕ್ಕೆ.

ಅದು ಫೀನಿಕ್ಸ್ ನಗರಸಭೆಯ ಉದ್ಯಾನ. ಉದ್ಯಾನ ಎಂದರೆ ಕಬ್ಬನ್ ಪಾರ್ಕ್ ನೆನೆಯಬೇಡಿ, 16 ಸಾವಿರ ಎಕರೆಗೂ ಮೀರಿದ ಬೋಳು ಗುಡ್ಡಗಳ ಸಾಲು. 1924ರಲ್ಲಿ ನಗರದವರು ಇದರ ಬಹುಭಾಗವನ್ನು ಕೇಂದ್ರ ಸರ್ಕಾರದಿಂದ 17 ಸಾವಿರ ಡಾಲರಿಗೆ ಕೊಂಡರು. ಅದಕ್ಕೂ ಬಹಳ ಹಿಂದಿನಿಂದ ಇದು ಓಅದಮ್ ಜನರ ಪವಿತ್ರ ಬೆಟ್ಟ, ಅವರ ಬಾಯಲ್ಲಿ ಮುಹದಗಿ ದೋಅಗ್. ಅವರ ವಿರೋಧದ ನಡುವೆಯೂ ಬೆಟ್ಟದ ಪಶ್ಚಿಮದ ಏಣನ್ನು ಸೀಳಿದ ಹೆದ್ದಾರಿ 2019ರ ಡಿಸೆಂಬರಿನಲ್ಲಿ, ಅಂದರೆ ಅವ್ವ ಬಂದ ತಿಂಗಳಲ್ಲೇ, ತೆರೆಯಿತು. ಆ ಕಡೆಯಿಂದ ನೋಡಿದಾಗ ಇವತ್ತಿಗೂ ನನಗೆ ಸಂಕಟವಾಗುತ್ತದೆ.

ನಾವು ಹಿಡಿದದ್ದು ಪೂರ್ವದ ತುದಿಯ ಪೀಮಾ ಕ್ಯಾನ್ಯನ್ ದಾರಿ. ಮೊದಲ ಮೈಲಿ ಬಂಡಿ ಜಾಡಿನಷ್ಟು ಅಗಲ, ಏರು ಕಡಿಮೆ. ಅರವತ್ತೆಂಟರ ಅವ್ವನಿಗೂ ಏಳರ ಮಗನಿಗೂ ಅದೇ ಸರಿ ಎನ್ನಿಸಿತು. ಎದುರಿಗೆ ಯಾರಾದರೂ ಬಂದರೆ ಆರು ಅಡಿ ಪಕ್ಕಕ್ಕೆ ಸರಿದು ನಿಲ್ಲುವುದು ಎಲ್ಲರಿಗೂ ರೂಢಿಯಾಗಿತ್ತು. ಮೊದಲ ದಿನ ಅವ್ವ ಹಾಗೆ ಸರಿದು ನಿಂತವಳು ಪಕ್ಕದ ಗಿಡದ ಎಲೆ ಹಿಡಿದು ನೋಡಿದಳು, ಕೊಂಬೆಯ ಮುಳ್ಳನ್ನು ಹೆಬ್ಬೆರಳಿನಿಂದ ಒತ್ತಿದಳು.

"ಇದು ಬಳ್ಳಾರಿ ಜಾಲಿ ಅಲ್ವೇನೇ? ಇಲ್ಲಿಗ್ಯಾಕೆ ಬಂತು?"

ಬಂದದ್ದು ಅದಲ್ಲ, ನಮ್ಮ ಕಡೆಗೆ ಹೋದದ್ದು. ಇಲ್ಲಿ ಅದನ್ನು ಮೆಸ್ಕೀಟ್ ಎನ್ನುತ್ತಾರೆ. ಸೊನೋರಾ ಮರುಭೂಮಿಯ ಮೆಸ್ಕೀಟ್ ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ದಾಯಾದಿ. ನಮ್ಮ ಕಡೆಯ ಜಾಲಿಯನ್ನು ಬ್ರಿಟಿಷರ ಕಾಲದಲ್ಲಿ, 19ನೇ ಶತಮಾನದಲ್ಲಿ, ಅಮೆರಿಕ ಖಂಡದ ಕಡೆಯಿಂದ ತಂದು ಒಣನೆಲದಲ್ಲಿ ಬಿತ್ತಿದರು. ಅದು ಬಳ್ಳಾರಿ, ರಾಯಚೂರು, ಚಿತ್ರದುರ್ಗದ ಗೋಮಾಳ, ಕೆರೆಯಂಗಳಗಳನ್ನೆಲ್ಲ ನುಂಗಿತು. ಕುರಿ, ಮೇಕೆ ಕಾಯಿ ತಿಂದವು, ಹಿಕ್ಕೆ ಬಿದ್ದಲ್ಲೆಲ್ಲ ಗಿಡ ಎದ್ದಿತು. ಅವ್ವ ಹುಡುಗಿಯಾಗಿದ್ದಾಗಿನಿಂದ ಅದನ್ನು ಬೈದುಕೊಂಡೇ ಕಡಿದವಳು, ಬೈದುಕೊಂಡೇ ಒಲೆ ಉರಿಸಿದವಳು. ಇಲ್ಲಿ ಅದೇ ಕುಲದ ಮರ ತಾಯಿಮರ. ಸಗ್ವಾರೊ ಕಳ್ಳಿಯ ಎಳೆ ಸಸಿಗಳು ಬಿಸಿಲಿಗೂ ಹಿಮಕ್ಕೂ ಸಾಯದೆ ಉಳಿಯುವುದು ಮೆಸ್ಕೀಟ್, ಪಾಲೊ ವರ್ಡೆ, ಐರನ್‌ವುಡ್ ಮರಗಳ ನೆರಳಿನಲ್ಲಿ. ಮೆಸ್ಕೀಟಿನ ಬೇರು ಎಷ್ಟು ಆಳ ಇಳಿಯುತ್ತದೆಂದರೆ, ಟೂಸಾನ್ ಬಳಿಯ ತೆರೆದ ಗಣಿಯೊಂದರಲ್ಲಿ 50 ಮೀಟರಿಗೂ ಕೆಳಗೆ ಸಿಕ್ಕಿತ್ತು. ಇದನ್ನು ಹೇಳಿದಾಗ ಅವ್ವ ಮರವನ್ನು ಬುಡದಿಂದ ನೆತ್ತಿಯವರೆಗೆ ನೋಡಿದಳು. "ಇಲ್ಲಿ ಇದು ಮನೆಮಗಳು. ನಮ್ಮಲ್ಲಿಗೆ ಹೊತ್ಕೊಂಡು ಹೋಗಿ ಬಿಟ್ರು. ಅದಾದ್ರೂ ಏನ್ ಮಾಡೀತು."

ಜೂನಿನಲ್ಲಿ ನಮ್ಮ ಹಿತ್ತಲಿನ ಮೆಸ್ಕೀಟ್ ಕಾಯಿ ಉದುರಿಸಿತು. ಇಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಆ ಕಾಯನ್ನು ಕುಟ್ಟಿ ಹಿಟ್ಟು ಮಾಡಿಕೊಂಡವರು ಎಂದು ಮಗಳು ಓದಿ ಹೇಳಿದಳು. ಮಳೆ ಬಿದ್ದರೆ ಕಾಯಿಗೆ ಬೂಷ್ಟು ಹಿಡಿಯುತ್ತದೆ, ಅದಕ್ಕೆ ಮೊದಲೇ ಆರಿಸಿಕೊಳ್ಳಬೇಕು. ಅವ್ವ ಮರದ ಮೇಲಿನ ಕಾಯನ್ನೇ ಬಿಡಿಸಿ ಒಣಗಿಸಿದಳು. ಮಿಕ್ಸಿಯಲ್ಲಿ ಬೀಸಿ, ಕಲ್ಲಿನಂಥ ಬೀಜವನ್ನು ಜರಡಿ ಹಿಡಿದು ತೆಗೆದು, ಆ ಹಿಟ್ಟನ್ನು ಜೋಳದ ಹಿಟ್ಟಿನ ಜೊತೆ ಕಲಸಿ ರೊಟ್ಟಿ ತಟ್ಟಿದಳು. ಬೆಲ್ಲ ಹಾಕದೆಯೇ ಸಿಹಿಯಿತ್ತು. ಮೊದಲ ರೊಟ್ಟಿಯನ್ನು ಅವಳು ಬಹಳ ಹೊತ್ತು ಅಗಿದಳು.

ನಡಿಗೆ ಶುರುವಾದ ಎರಡನೆಯ ದಿನವೋ ಮೂರನೆಯ ದಿನವೋ ಅವಳು ಆ ದಾರಿಯ ಒಂದು ಜಾಗಕ್ಕೆ ಬೇರೆ ಹೆಸರು ಕೊಟ್ಟಳು. ಜಾಡಿನ ಪಕ್ಕದಲ್ಲೇ ಒಂದು ಬತ್ತಿದ ಮರಳು ಪಾತ್ರವಿದೆ. ಇಂಥವನ್ನು ಇಲ್ಲಿ ವಾಶ್ ಎನ್ನುತ್ತಾರೆ, ಮಕ್ಕಳೂ ಹಾಗೇ ಎನ್ನುತ್ತಿದ್ದರು. "ವಾಶೂ ಇಲ್ಲ ಗೀಶೂ ಇಲ್ಲ, ಇದು ಹಳ್ಳ" ಎಂದಳು ಅವ್ವ. ಬಯಲುಸೀಮೆಯ ಹಳ್ಳಕ್ಕೂ ಇದಕ್ಕೂ ಒಂದೇ ಗುಣ. ವರ್ಷವಿಡೀ ಮರಳು, ಯಾವತ್ತೋ ಒಂದು ಮಧ್ಯಾಹ್ನ ಗುಡ್ಡದ ಮೇಲೆ ಸುರಿದ ಮಳೆ ಬಿಸಿಲಿರುವ ಜಾಗಕ್ಕೆ ಕೆಂಪು ನೀರಾಗಿ ಬರುತ್ತದೆ. ಮರಳಿನಲ್ಲಿ ನೀರಿನ ಬರೆಗಳನ್ನು ಹೇಗೆ ಓದಬೇಕು, ಬೇರಿಗೆ ಸಿಕ್ಕಿಕೊಂಡ ಕಸದ ಎತ್ತರ ನೋಡಿ ಹೋದ ಸಲ ಎಷ್ಟು ನೀರು ಬಂದಿತ್ತೆಂದು ಹೇಗೆ ಅಂದಾಜು ಮಾಡಬೇಕು, ಇದೆಲ್ಲ ಅವಳಿಗೆ ಗೊತ್ತಿತ್ತು. ಮಗನ ಎದೆಮಟ್ಟಕ್ಕೆ ಕಸ ಸಿಕ್ಕಿಕೊಂಡಿತ್ತು. "ಹಳ್ಳ ಬಂದಾಗ ನೋಡ್ಬೇಕು ಕಣೋ" ಎಂದಳು. ಅಂದಿನಿಂದ ಅವನು ಪ್ರತಿ ಸಲವೂ ಕೇಳಿದ: ಅಜ್ಜಿ, ಹಳ್ಳ ಯಾವಾಗ ಬರುತ್ತೆ?

ಮುಳ್ಳಿನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಚೋಯಾ ಎಂಬ ಕಳ್ಳಿ ದೂರದಿಂದ ಹೊಂಬಣ್ಣದ ತುಪ್ಪಳದಂತೆ ಕಾಣುತ್ತದೆ, ಬೆಳಗಿನ ಬಿಸಿಲು ಹಿಂದಿನಿಂದ ಬಿದ್ದಾಗ ಅದಕ್ಕಿಂತ ಚೆಂದದ ಗಿಡ ಈ ಬೆಟ್ಟದಲ್ಲಿಲ್ಲ. ಸೋಕಿದರೆ ಸಾಕು, ಗೆಣ್ಣು ಕಳಚಿ ಮೈಗೆ ಅಂಟುತ್ತದೆ. ಅದರ ಮುಳ್ಳಿಗೆ ಕಣ್ಣಿಗೆ ಕಾಣದ ಕೊಕ್ಕೆಗಳಿರುವುದರಿಂದ ಕೈಯಲ್ಲಿ ಕೀಳಲು ಹೋದರೆ ಕೈಗೂ ಅಂಟುತ್ತದೆ. ಒಂದು ಅಗಲ ಹಲ್ಲಿನ ಬಾಚಣಿಗೆ ಇಟ್ಟುಕೊಳ್ಳಿ. ಗೆಣ್ಣಿನ ಕೆಳಗೆ ತೂರಿಸಿ ಒಂದೇ ಸಲಕ್ಕೆ ಚಿಮ್ಮಿಸಬೇಕು, ಉಳಿದ ಮುಳ್ಳಿಗೆ ಚಿಮಟ. ಮಗಳ ಮೀನಖಂಡಕ್ಕೆ ಅಂಟಿಕೊಂಡ ದಿನ ಅವ್ವ ಸುತ್ತಮುತ್ತ ಎಕ್ಕದ ಗಿಡ ಹುಡುಕಿದಳು, ಎಕ್ಕದ ಹಾಲು ಬಿಟ್ಟರೆ ಮುಳ್ಳು ಮೇಲೆ ಬರುತ್ತದೆಂಬ ಊರಿನ ಮದ್ದು ನೆನೆದು. ಸಿಗಲಿಲ್ಲ. ನನ್ನ ಚೀಲದಲ್ಲಿದ್ದ ತಲೆ ಬಾಚಣಿಗೆಯೇ ಆಯಿತು, ಅಂದಿನಿಂದ ಅದು ಆ ಚೀಲದಲ್ಲೇ ಇದೆ.

ಉಳಿದಂತೆ ಬೇಕಾದ ಸಾಮಾನು ಹೆಚ್ಚೇನಿಲ್ಲ. ಗಟ್ಟಿ ಅಟ್ಟೆಯ ಬೂಟು, ಅಗಲ ಅಂಚಿನ ಟೋಪಿ, ತಲಾ ಗಂಟೆಗೊಂದು ಲೀಟರಿನಂತೆ ನೀರು. ಅರ್ಧ ನೀರು ಮುಗಿದ ಕ್ಷಣ ಎಲ್ಲಿದ್ದರೂ ಹಿಂದಿರುಗಿ. ಕಣ್ಣಿಗೆ ಕಾಣದ ಸಂದಿಗೆ ಕೈ ಹಾಕಬೇಡಿ, ಬಾಲದಲ್ಲಿ ಗಿಲಕಿ ಹೊತ್ತ ಹಾವುಗಳು ಅಲ್ಲಿ ನೆರಳಿಗೆ ಮಲಗಿರುತ್ತವೆ. ಕಿವಿಗೆ ಹಾಡು ತುರುಕಿಕೊಂಡು ನಡೆಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಆ ಗಿಲಕಿಯೂ ಅವರಿಗೆ ಕೇಳುವುದಿಲ್ಲ, ಪೊದೆಯೊಳಗೆ ಮರಿಗಳನ್ನು ಕರೆಯುವ ಲಾವುಗೆಯ ದನಿಯೂ ಕೇಳುವುದಿಲ್ಲ.

ಈಗ ಸಗ್ವಾರೊ. ಚಿತ್ರಗಳಲ್ಲಿ ತೋಳೆತ್ತಿ ನಿಂತ ಆ ಕಳ್ಳಿ ಬೆಳೆಯುವುದು ಲೋಕದಲ್ಲಿ ಸೊನೋರಾ ಮರುಭೂಮಿಯಲ್ಲಿ ಮಾತ್ರ. ಮೊದಲ ಎಂಟು ಹತ್ತು ವರ್ಷದಲ್ಲಿ ಅದು ಒಂದೂವರೆ ಇಂಚು ಎದ್ದರೆ ಹೆಚ್ಚು. ಹೂ ಬಿಡಲು ಮೂವತ್ತೈದು ವರ್ಷ ಬೇಕು, ಮೊದಲ ತೋಳು ಒಡೆಯಲು ಐವತ್ತರಿಂದ ಎಪ್ಪತ್ತೈದು, ಒಣ ಜಾಗದಲ್ಲಿ ನೂರು. ಆಯಸ್ಸು ನೂರೈವತ್ತು ಇನ್ನೂರು ವರ್ಷ. ಬಹುಪಾಲು ಬೇರು ಅಂಗೈ ಆಳಕ್ಕಿಂತ ಹೆಚ್ಚು ಇಳಿಯದೆ ಗಿಡದ ಎತ್ತರದಷ್ಟೇ ದೂರ ಸುತ್ತ ಹರಡಿಕೊಂಡು, ಬಿದ್ದ ಹನಿಯನ್ನು ಆ ಕ್ಷಣಕ್ಕೆ ಹೀರುತ್ತದೆ. ಮೈಮೇಲಿನ ನೆರಿಗೆಗಳು ಇರುವುದು ಅದಕ್ಕೇ. ನೀರು ಕುಡಿದಾಗ ಬಿಚ್ಚಿಕೊಳ್ಳುತ್ತವೆ, ಬಾಯಾರಿದಾಗ ಮಡಚಿಕೊಳ್ಳುತ್ತವೆ. ಮಗಳು ಒಂದು ಗಿಡ ಆರಿಸಿಕೊಂಡು ಎರಡು ನೆರಿಗೆಗಳ ನಡುವಿನ ಸಂದಿ ಎಷ್ಟಗಲವಿದೆಯೆಂದು ವಾರ ವಾರ ಚಿತ್ರ ಬರೆದಳು. ಏಪ್ರಿಲಿನಲ್ಲಿ ದುಂಡಗಿದ್ದ ಗಿಡ ಆಗಸ್ಟಿನ ಹೊತ್ತಿಗೆ ಪಕ್ಕೆಲುಬು ಎಣಿಸುವಂತಾಗಿತ್ತು. ಒಂದೇ ಸಲ ಬಂದು ಫೋಟೊ ತೆಗೆದು ಹೋದವರಿಗೆ ಆ ಗಿಡ ಉಸಿರಾಡುವುದು ಕಾಣುವುದು ಹೇಗೆ?

ಏಪ್ರಿಲ್ ಕೊನೆಗೆ ಅದರ ನೆತ್ತಿಯಲ್ಲಿ ಮೇಣದಂಥ ಬಿಳಿ ಹೂಗಳು ಬಂದವು. ಪ್ರತಿ ಹೂವೂ ರಾತ್ರಿ ಅರಳಿ ಮರುದಿನ ಮಧ್ಯಾಹ್ನಕ್ಕೆ ಬಾಡುತ್ತದೆ. ಅಷ್ಟರೊಳಗೆ ಬಾವಲಿ, ಜೇನು, ಬಿಳಿರೆಕ್ಕೆಯ ಪಾರಿವಾಳ ಬಂದು ಹೋಗಬೇಕು. ಕಾಂಡದಲ್ಲಿ ಮರಕುಟಿಗ ಕೊರೆದ ಗೂಡುಗಳಿರುತ್ತವೆ. ಗಾಯದ ಸುತ್ತ ಗಿಡ ಗಟ್ಟಿ ಚಿಪ್ಪು ಕಟ್ಟಿಕೊಳ್ಳುತ್ತದೆ. ಗಿಡ ಸತ್ತು ಕೊಳೆತ ಮೇಲೂ ಆ ಚಿಪ್ಪು ಬೂಟಿನ ಆಕಾರದಲ್ಲಿ ಉಳಿಯುತ್ತದೆ. ಮಗನಿಗೆ ಅಂಥದ್ದೊಂದು ಸಿಕ್ಕಿತು. ಉದ್ಯಾನದಿಂದ ಏನನ್ನೂ ಒಯ್ಯುವಂತಿಲ್ಲ. ಅವನು ಅದನ್ನು ಒಂದು ಬಂಡೆಯ ಮರೆಯಲ್ಲಿಟ್ಟು ಹೋದಾಗಲೆಲ್ಲ ಮಾತಾಡಿಸಿ ಬರುತ್ತಿದ್ದ.

ಸಗ್ವಾರೊ ಹಣ್ಣಾಗುವುದು ಜೂನ್ ಕೊನೆಗೆ, ಮರುಭೂಮಿ ಪೂರ್ತಿ ಬತ್ತಿದ ಹೊತ್ತಿನಲ್ಲಿ. ದಕ್ಷಿಣದ ತೊಹೊನೊ ಓಅದಮ್ ಜನ ಸತ್ತ ಸಗ್ವಾರೊದ ಒಣ ಎಲುಬುಗಳನ್ನೇ ಜೋಡಿಸಿ ದೋಟಿ ಕಟ್ಟಿ ಹಣ್ಣು ಕೀಳುತ್ತಾರೆ, ಪಾಕ ಕಾಯಿಸುತ್ತಾರೆ, ಅದನ್ನು ಹುಳಿ ಬರಿಸಿ ಕುಡಿದು ಮಳೆಯನ್ನು ಕರೆಯುತ್ತಾರೆ. ಅವರ ಹೊಸ ವರ್ಷ ಅಲ್ಲಿಂದ ಶುರು. ಸಗ್ವಾರೊ ಅವರಿಗೆ ಗಿಡವಲ್ಲ, ಒಂದು ಬಗೆಯ ಮನುಷ್ಯರೇ. ಇದನ್ನು ಕೇಳಿದ ಅವ್ವ ಮಕ್ಕಳಿಗೆ ಮಳೆರಾಯನ ಕಥೆ ಹೇಳಿದಳು. ಮಳೆ ಹೋದ ವರ್ಷ ಜೇಡಿಮಣ್ಣಿನಲ್ಲಿ ಮಳೆರಾಯನನ್ನು ಮಾಡಿ, ಹಲಗೆಯ ಮೇಲಿಟ್ಟು ಹುಡುಗರು ತಲೆಮೇಲೆ ಹೊತ್ತು ಮನೆಮನೆಗೆ ಹೋಗುವುದು, ಮನೆಯವರು ಕೊಡದಲ್ಲಿ ನೀರು ಸುರಿಯುವುದು. ಅವಳ ತಮ್ಮ ಹೊತ್ತಿದ್ದನಂತೆ. ಸುರಿದ ನೀರಿಗೆ ಮಳೆರಾಯ ಕರಗಿ ಅವನ ಮುಖವೆಲ್ಲ ಕೆಸರಾಗಿತ್ತಂತೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಪೈಕಿ ಚಳ್ಳಕೆರೆ ಒಂದು. ಫೀನಿಕ್ಸಿನಲ್ಲಿ ಅದರ ಅರ್ಧವೂ ಬೀಳುವುದಿಲ್ಲ, ವರ್ಷಕ್ಕೆ 200 ಮಿಲಿಮೀಟರ್ ಆಸುಪಾಸು.

ಜೂನ್ 13ರಂದು ಈಶಾನ್ಯದಲ್ಲಿ ಹೊಗೆ ಎದ್ದಿತು. ಮನುಷ್ಯರಿಂದ ಹತ್ತಿದ ಆ ಬೆಂಕಿ ಟಾಂಟೊ ಅರಣ್ಯದಲ್ಲಿ 1,93,455 ಎಕರೆ ಸುಟ್ಟಿತು. ನಾವು ಪೀಮಾ ಕ್ಯಾನ್ಯನಿನಿಂದ ಅದನ್ನು ದಿನಗಟ್ಟಲೆ ನೋಡಿದೆವು. ರಾತ್ರಿ ಫೋರ್ ಪೀಕ್ಸ್ ಬೆಟ್ಟದ ಕಡೆ ಕೆಂಪಗಿರುತ್ತಿತ್ತು. ಸಗ್ವಾರೊಗೆ ಬೆಂಕಿಯ ಅಭ್ಯಾಸವಿಲ್ಲ. ಮೊದಲು ಇಲ್ಲಿ ಗಿಡಗಿಡಗಳ ನಡುವೆ ಬರಿ ನೆಲವಿರುತ್ತಿತ್ತು, ಕಿಡಿ ಬಿದ್ದರೂ ಹಬ್ಬಲು ದಾರಿ ಇರಲಿಲ್ಲ. ಈಗ ಹೊರಗಿನಿಂದ ಬಂದ ಹುಲ್ಲುಗಳು ಆ ಬರಿ ನೆಲವನ್ನು ತುಂಬಿವೆ. ಅಂಥ ಹುಲ್ಲುಗಳಲ್ಲಿ ಎಲ್ಲರೂ ಹೆದರುವುದು ಬಫೆಲ್ ಗ್ರಾಸ್‌ಗೆ. ರಸ್ತೆಯಂಚಿನಲ್ಲಿ ಅದನ್ನು ತೋರಿಸಿದೆ. ಅವ್ವ ತೆನೆಯನ್ನು ಬೆರಳಲ್ಲಿ ಸವರಿ ನಕ್ಕಳು. "ಇದು ನಮ್ಮ ಕಾವಲಿನ ಹುಲ್ಲು ಕಣೇ. ದನ ಬಿಡಲ್ಲ, ಅಷ್ಟು ಒಳ್ಳೇ ಮೇವು." ಹೌದು, ಅದು ಆಫ್ರಿಕಾದ, ನಮ್ಮ ಏಷ್ಯಾದ ಒಣನೆಲಗಳ ಹುಲ್ಲು, ಭಾರತದಲ್ಲಿ ಅಂಜನ್ ಹುಲ್ಲೆಂದು ಹೆಸರು. ಇಲ್ಲಿನ ದನಗಳ ಮೇವಿಗೆಂದು ತಂದು ಬಿತ್ತಿದ್ದು. ಇಲ್ಲಿಯ ಜಾಲಿ ನಮ್ಮ ಕಾವಲು ತಿಂದಿತು, ಅಲ್ಲಿಯ ಹುಲ್ಲು ಇಲ್ಲಿಯ ಕಳ್ಳಿಗೆ ಕೊಳ್ಳಿಯಾಗಿದೆ. ಅವತ್ತು ಹಿಂದಿರುಗುವಾಗ ನಮ್ಮಿಬ್ಬರಿಗೂ ಮಾತು ಬರಲಿಲ್ಲ.

ಅಂಥ ಬೇಸಿಗೆಯನ್ನು ಫೀನಿಕ್ಸ್ ಹಿಂದೆಂದೂ ಕಂಡಿರಲಿಲ್ಲ. 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 43 ಸೆಲ್ಸಿಯಸ್ ಮುಟ್ಟಿದ ಅಥವಾ ದಾಟಿದ ದಿನಗಳು 53. ಅದಕ್ಕೆ ಹಿಂದಿನ ದಾಖಲೆ 2011ರ 33 ದಿನ. ನಾವು ನಾಲ್ಕೂಮುಕ್ಕಾಲಿಗೆ ಮನೆ ಬಿಡುತ್ತಿದ್ದೆವು. ಜೂನಿನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 5 ಗಂಟೆ 20 ನಿಮಿಷಕ್ಕೆ. ಆ ಮೊದಲ ಅರ್ಧ ಗಂಟೆ ಬಂಡೆಗಳು ನೇರಳೆ ಬಣ್ಣದಲ್ಲಿರುತ್ತವೆ, ಮರಳು ತಣ್ಣಗಿರುತ್ತದೆ, ರಾತ್ರಿ ಯಾರು ಯಾರು ನಡೆದರೆಂದು ಹಳ್ಳದ ಮೇಲೆ ಬರೆದಿರುತ್ತದೆ. ಮೊಲ, ಕಯೋಟಿ, ಜೋಡಿ ಗೊರಸಿನ ಹಾವೆಲೀನಾ, ಹಾವು ಹರಿದ ಗೆರೆ. ಏಳು ಗಂಟೆಗೆ ಕಾರಿನ ಬಳಿ ಇರಬೇಕು. ಜುಲೈಯಲ್ಲಿ ಎಂಟರ ಮೇಲೆ ಮಕ್ಕಳನ್ನು, ವಯಸ್ಸಾದವರನ್ನು ಈ ಗುಡ್ಡದಲ್ಲಿ ನಡೆಸುವುದನ್ನು ನಾನು ತಪ್ಪೆಂದೇ ಹೇಳುತ್ತೇನೆ.

ಅಂಥ ಒಂದು ಬೆಳಗಿನಲ್ಲೇ ನಮಗೆ ಚಕ್‌ವಾಲಾ ಎಂಬ ದೊಡ್ಡ ಹಲ್ಲಿ ಸಿಕ್ಕಿದ್ದು. ಈ ಬೆಟ್ಟದ ಗಂಡು ಚಕ್‌ವಾಲಾಗಳಿಗೆ ಕಿತ್ತಳೆ ಬಣ್ಣದ ಬಾಲ. ಹೆದರಿದರೆ ಬಂಡೆಯ ಬಿರುಕಿಗೆ ನುಗ್ಗಿ, ಹೊಟ್ಟೆ ಉಬ್ಬಿಸಿಕೊಂಡು, ಎಳೆದರೂ ಬಾರದಂತೆ ಕೂರುತ್ತದೆ. ಅವ್ವ ಉಡದ ಪಟ್ಟಿನ ಮಾತೆತ್ತಿದಳು. ಉಡದ ಸೊಂಟಕ್ಕೆ ಹಗ್ಗ ಕಟ್ಟಿ ದುರ್ಗದ ಕೋಟೆ ಹತ್ತುತ್ತಿದ್ದರಂತೆ ಎಂಬ ಕಥೆ ಅವತ್ತಿನಿಂದ ಮೂರು ದಿನ ನಡೆಯಿತು.

ಬಂಡೆಗಳ ಮೇಲೆ ಹಿಂದೆ ಇಲ್ಲಿ ಬಾಳಿದ ಹೊಹೊಕಮ್ ಜನ ಕುಟ್ಟಿ ಬಿಡಿಸಿದ ಚಿತ್ರಗಳಿವೆ. ಸುರುಳಿ, ಕೊಂಬಿನ ಪ್ರಾಣಿ, ಕೈಯೆತ್ತಿದ ಮನುಷ್ಯ. ಬಂಡೆಗೆ ಸಾವಿರಾರು ವರ್ಷದಿಂದ ಹತ್ತಿದ ಕಪ್ಪು ಹೊಳಪನ್ನು ಕೆರೆದರೆ ಒಳಗಿನ ತಿಳಿ ಬಣ್ಣ ಕಾಣುತ್ತದೆ, ಅದೇ ಗೆರೆ. ಹದಿನೈದನೆಯ ಶತಮಾನದ ಹೊತ್ತಿಗೆ ಅವರ ಊರುಗಳು ಬರಿದಾದವು. ಅವರು ಕಲ್ಲಿನ, ಮರದ ಹತಾರಗಳಿಂದ ತೋಡಿದ ನೂರಾರು ಮೈಲಿ ಕಾಲುವೆಗಳ ಜಾಡಿನ ಮೇಲೆಯೇ ಇಂದಿನ ಫೀನಿಕ್ಸ್ ಎದ್ದಿತು. ನಮ್ಮ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ, ಅದನ್ನು ಓದಿದ್ದಾರೆ, ಇದನ್ನು ಯಾರು ಓದಿದ್ದಾರೆ ಎಂದು ಮಗಳು ಕೇಳಿದಳು. ಓಅದಮ್ ಜನಕ್ಕೆ ಇವರು ಹಿರೀಕರು, ಚಿತ್ರಗಳ ಬಗ್ಗೆ ಹೇಳುವ ಹಕ್ಕು ಅವರದು ಎಂದೆ. ಮುಟ್ಟಬಾರದು. ಬೆರಳಿನ ಎಣ್ಣೆಯೂ ಬಂಡೆಗೆ ಕೆಡುಕು. ಅವ್ವ ಮುಟ್ಟಲಿಲ್ಲ, ದೂರದಿಂದಲೇ ಕೈ ಮುಗಿದಳು.

ಇಲ್ಲಿ ಮಳೆಗಾಲದ ಲೆಕ್ಕ ಜೂನ್ 15ರಿಂದ ಸೆಪ್ಟೆಂಬರ್ 30. ಅವ್ವನ ಲೆಕ್ಕ ಬೇರೆ. ಆರಿದ್ರಾ ಹೋಯಿತು, ಪುನರ್ವಸು ಹೋಯಿತು, ಪುಷ್ಯ, ಆಶ್ಲೇಷ, ಮಘೆ, ಒಂದೊಂದಾಗಿ ಬೆರಳು ಮಡಚಿದಳು. ಸಂಜೆ ಗುಡ್ಡದ ಹಿಂದೆ ಮೋಡ ಕಟ್ಟುತ್ತಿತ್ತು, ಧೂಳಿನ ಗೋಡೆ ಏಳುತ್ತಿತ್ತು, ಮಿಂಚು ಹೊಡೆಯುತ್ತಿತ್ತು, ಹನಿ ಬೀಳುತ್ತಿರಲಿಲ್ಲ. ಒಂದೇ ಒಂದು ಸಂಜೆ ನಾಲ್ಕು ಹನಿ ಬಿತ್ತು. ಮರುದಿನ ಬೆಳಗ್ಗೆ ದಾರಿಯುದ್ದಕ್ಕೂ ವಿಚಿತ್ರ ಕಂಪು, ಟಾರಿನ ಹಾಗೆ, ಔಷಧಿಯ ಹಾಗೆ. ಅವ್ವ ಬಗ್ಗಿ ಮಣ್ಣು ಮೂಸಿದಳು. ಮಣ್ಣಲ್ಲ. ಕ್ರಿಯೊಸೋಟ್ ಎಂಬ ಪೊದೆಯ ಅಂಟು ಎಲೆಗಳು ನೆನೆದಾಗ ಬಿಡುವ ವಾಸನೆ ಅದು. ಚಳ್ಳಕೆರೆಯಲ್ಲಿ ಮಳೆಯ ವಾಸನೆ ನೆಲದಿಂದ ಬರುತ್ತದೆ, ಇಲ್ಲಿ ಎಲೆಯಿಂದ. ಒಂದು ರೆಂಬೆಯನ್ನು ಎರಡೂ ಅಂಗೈ ನಡುವೆ ಇಟ್ಟು ಬಾಯಿಯ ಬಿಸಿಯುಸಿರು ಊದಿ ಮೂಸುವುದನ್ನು ಮಗಳು ಕಲಿಸಿದಳು. ಹಾಗೆ ಊದಿದರೆ ಮಳೆಯಿಲ್ಲದ ದಿನವೂ ವಾಸನೆ ಬರುತ್ತದೆ. ಆಮೇಲೆ ಅವ್ವ ಪ್ರತಿ ನಡಿಗೆಯಲ್ಲೂ ಒಂದು ಪೊದೆಯ ಬಳಿ ನಿಂತು ಊದುತ್ತಿದ್ದಳು. ಆ ಮಳೆಗಾಲವೆಲ್ಲ ಸೇರಿ ಫೀನಿಕ್ಸಿನಲ್ಲಿ ದಾಖಲಾದದ್ದು ಒಂದು ಇಂಚು.

ಅಕ್ಟೋಬರಿನಲ್ಲಿ, ಹೀಗೆ ಸಿಕ್ಕಿಹಾಕಿಕೊಂಡವರನ್ನು ಊರಿಗೆ ಕರೆದೊಯ್ಯುತ್ತಿದ್ದ ವಂದೇ ಭಾರತ್ ವಿಮಾನದಲ್ಲಿ ಅವ್ವನಿಗೆ ಸೀಟು ಸಿಕ್ಕಿತು. ಹೊರಡುವ ಹಿಂದಿನ ದಿನ ಬೆಳಗ್ಗೆ ಹಳ್ಳದ ಮರಳಿನ ಮೇಲೆ ಐದೂ ಜನ ಕೂತು ಚಿತ್ರಾನ್ನ ತಿಂದೆವು. ಕಸ ಸಿಕ್ಕಿಕೊಂಡ ಬೇರು ಹಾಗೇ ಇತ್ತು. ಮಗ ಅದರ ಪಕ್ಕ ನಿಂತು ನೋಡಿದ. ಅವನು ಬೆಳೆದಿದ್ದ, ಕಸ ಎದೆಯಿಂದ ಸ್ವಲ್ಪ ಕೆಳಗಿತ್ತು.

ಮರುವರ್ಷ ಜುಲೈಯಲ್ಲಿ ಮಳೆ ಹಿಡಿಯಿತು. 2021ರ ಮಳೆಗಾಲ ನಾಲ್ಕು ಇಂಚು ದಾಟಿತು. ಒಂದು ರಾತ್ರಿ ಗುಡುಗು ಬಿಡದೆ ಹೊಡೆದು, ಬೆಳಗ್ಗೆ ಆಕಾಶ ತೆರವಾದ ಮೇಲೆ ನಾವು ಪೀಮಾ ಕ್ಯಾನ್ಯನ್ ದಾರಿಯ ಎತ್ತರದ ದಿಬ್ಬದ ಮೇಲೆ ನಿಂತೆವು. ಹಳ್ಳಕ್ಕೆ ಇಳಿಯಲಿಲ್ಲ, ಮೇಲೆ ಎಲ್ಲೋ ಸುರಿದದ್ದು ಯಾವಾಗ ಬರುತ್ತದೋ ತಿಳಿಯುವುದಿಲ್ಲ. ಮೊದಲು ಸದ್ದು ಬಂತು, ಜಲ್ಲಿ ಉರುಳಿದಂತೆ. ಆಮೇಲೆ ನೊರೆ, ಕಡ್ಡಿ, ಮೆಸ್ಕೀಟ್ ಕಾಯಿ, ಕೆಂಪು ನೀರು. ಚಳ್ಳಕೆರೆಯಲ್ಲಿ ಆಗ ಸಂಜೆಯಾಗಿತ್ತು. ಮಗ ನನ್ನ ಫೋನು ಕಿತ್ತುಕೊಂಡು, ಅವ್ವ ಹಲೋ ಎನ್ನುವ ಮೊದಲೇ ಕೂಗಿದ:

"ಅಜ್ಜೀ, ಹಳ್ಳ ಬಂತು! ಹಳ್ಳ ಬಂತು!"